ಎಷ್ಟು ಗಿಡ ನೆಡಿಸ್ತೀರಿ? ಸೊನ್ನೆ.

ಭಾನುವಾರ ಬೆಳಗ್ಗೆ ನಾನು ಏನು ಮಾಡುತ್ತೇನೆ ಅಂತ ಗೊತ್ತಾದ ತಕ್ಷಣ ಎಲ್ಲರೂ ಕೇಳುವುದು ಒಂದೇ. ‘ಓ, ಪರಿಸರದ ಕೆಲಸಾನಾ? ನಾವೂ ಒಂದಿನ ಬರ್ತೀವಿ. ಮಕ್ಕಳನ್ನೂ ಕರ್ಕೊಂಡು ಬರ್ತೀವಿ. ಎಷ್ಟು ಗಿಡ ನೆಡಿಸ್ತೀರಿ?’ ಲಿಫ್ಟಿನಲ್ಲಿ ಕೇಳಿದ್ದಾರೆ, ಮದುವೆ ಮನೆಯಲ್ಲಿ ಕೇಳಿದ್ದಾರೆ. ಹಲ್ಲಿನ ಡಾಕ್ಟರು ನನ್ನ ಬಾಯೊಳಗೆ ಕೈ ಇಟ್ಟುಕೊಂಡೇ ಕೇಳಿದ್ದಾರೆ. ಹೇಳಿ ಹೇಳಿ ಸಾಕಾಗಿದೆ. ಬರೆದಿಟ್ಟರೆ ಇನ್ನು ಮೇಲೆ ಇದನ್ನೇ ಕಳಿಸಿ ಸುಮ್ಮನಿರಬಹುದು.

ಉತ್ತರ: ಸೊನ್ನೆ.

ನಾವು ಗಿಡ ನೆಡುವುದಿಲ್ಲ, ಕೀಳುತ್ತೇವೆ. ಹೀಗಂದಾಗ ಎದುರಿನವರ ಮುಖ ನೋಡಬೇಕು. ನಾಯಿಮರಿಗೆ ಒದ್ದು ಬಂದೆ ಅಂದ ಹಾಗೆ ನನ್ನನ್ನು ನೋಡುತ್ತಾರೆ. ಹಿಂದೆ ಒಂದೇ ಒಂದು ಸಲ 200 ಸಸಿ ನೆಡಿಸಿದ್ದೆ. ಅದನ್ನು ಮುಂದೆ ಹೇಳುತ್ತೇನೆ, ಹೇಳದಿದ್ದರೆ ಮೋಸವಾಗುತ್ತದೆ.

ನಾವು ಕೀಳುವುದು ಮುಖ್ಯವಾಗಿ ಲಂಟಾನ. ಬಣ್ಣಬಣ್ಣದ ಪುಟ್ಟ ಹೂಗೊಂಚಲು ಬಿಡುವ, ಕೈ ಹಾಕಿದರೆ ತರಚುವ ಅದೇ ಪೊದೆ. ಊರು ಮಧ್ಯ ಮತ್ತು ದಕ್ಷಿಣ ಅಮೆರಿಕ. 19ನೇ ಶತಮಾನದ ಮೊದಲ ದಶಕದಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಅದನ್ನು ತಂದರು. ಯಾಕೆ? ಚೆಂದ ಇದೆ ಅಂತ. ಅಂದರೆ ಇದೂ ಯಾರೋ ಖುಷಿಯಾಗಿ ನೆಟ್ಟ ಗಿಡವೇ. ಹಕ್ಕಿಗಳು ಹಣ್ಣು ತಿಂದು ಬೀಜವನ್ನು ಎಲ್ಲೆಲ್ಲೋ ಉದುರಿಸಿದವು. ಈಗ ಕುರುಚಲು ಕಾಡಿಗೆ ಹೋದರೆ ಅದರ ಕೆಳಗೆ ನೆಲಕ್ಕೆ ಬಿಸಿಲೇ ಬೀಳುವುದಿಲ್ಲ. ಹುಲ್ಲು ಇಲ್ಲ. ಬೇರೆ ಮರಗಳ ಮರಿಗಳು ಮೇಲೇಳುವುದಕ್ಕೆ ಜಾಗ ಇಲ್ಲ.

ಮಚ್ಚು ತಗೊಂಡು ಕತ್ತರಿಸಿದರೆ ಆಯ್ತಲ್ವಾ ಅನ್ನುತ್ತೀರಿ. ಕತ್ತರಿಸಿ ನೋಡಿ. ಮಳೆ ಬಂದು ಸ್ವಲ್ಪ ದಿನಕ್ಕೆ ಬುಡದಿಂದ ನಾಲ್ಕು ಕೊಂಬೆ ಇದ್ದ ಕಡೆ ಹತ್ತು ಚಿಗುರುತ್ತವೆ. ದೆಹಲಿ ವಿಶ್ವವಿದ್ಯಾಲಯದ ಸಿ.ಆರ್. ಬಾಬು ಮತ್ತು ಅವರ ಜೊತೆಗಾರರು ತೋರಿಸಿಕೊಟ್ಟ ವಿಧಾನವೇ ಬೇರೆ. ಚಿಗುರು ಬರುವ ಭಾಗಕ್ಕಿಂತ ಕೆಳಗೆ, ಮಣ್ಣಿನೊಳಗೆ ಮೂರರಿಂದ ಐದು ಸೆಂಟಿಮೀಟರ್ ಆಳದಲ್ಲಿ ತಾಯಿಬೇರನ್ನು ಕಡಿಯಬೇಕು. ಆಮೇಲೆ ಇಡೀ ಪೊದೆಯನ್ನು ತಲೆಕೆಳಗಾಗಿ ಮಗುಚಿ ಬಿಡಬೇಕು. ಬೇರು ಮೇಲೆ, ತಲೆ ಕೆಳಗೆ. ಹಾಗೇ ಒಣಗಿ ಸಾಯುತ್ತದೆ. ಓದುವುದಕ್ಕೆ ಎರಡು ಸಾಲು. ಮಾಡುವುದಕ್ಕೆ ಒಂದು ಪೊದೆಗೆ ಒಬ್ಬರ ಸೊಂಟ. ಅಷ್ಟಾದ ಮೇಲೂ ಮಣ್ಣಿನಲ್ಲಿ ಬೀಜ ಉಳಿದಿರುತ್ತದೆ. ಅದು ಮೊಳೆತಾಗೆಲ್ಲ ಮತ್ತೆ ಹೋಗಿ ಕೀಳಬೇಕು. ಮಳೆ ಬಂದ ಮಾರನೇ ದಿನ ಹೋದರೆ ಎಳೆ ಸಸಿಗಳು ಕೈಯಲ್ಲೇ ಬಂದುಬಿಡುತ್ತವೆ. ಅದೊಂದೇ ಸುಖ.

ಇನ್ನು ಆ 200 ಸಸಿಗಳ ವಿಷಯ. ವಿಶ್ವ ಪರಿಸರ ದಿನ ಜೂನ್ 5. 1972ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ವಿಶ್ವಸಂಸ್ಥೆಯ ಪರಿಸರ ಸಮ್ಮೇಳನ ಶುರುವಾದ ದಿನ ಅದು. ಆ ವಾರ ಬಂತೆಂದರೆ ನನ್ನ ಫೋನಿಗೆ ಬಿಡುವಿಲ್ಲ. ಒಂದು ಸಲ ಒಂದು ಕಂಪನಿಯವರು ಕೇಳಿದರು, ಅರವತ್ತು ಜನ ಬರುತ್ತೇವೆ, ಸಸಿ ನಾವೇ ತರುತ್ತೇವೆ, ನಿಮಗೆ ಕೈಗವಸು, ಪಿಕಾಸಿ ಎಲ್ಲ ಕೊಡಿಸುತ್ತೇವೆ. ಪಿಕಾಸಿಗೆ ಆಸೆಪಟ್ಟು ಒಪ್ಪಿಕೊಂಡೆ. ತಪ್ಪು ನನ್ನದೇ.

ಬಂದರು. ಎಲ್ಲರಿಗೂ ಒಂದೇ ಬಣ್ಣದ ಟೀ ಶರ್ಟು. ನಾವು ಹಿಂದಿನ ವರ್ಷ ಲಂಟಾನ ತೆಗೆದು ಖಾಲಿ ಮಾಡಿದ್ದ ಬಯಲಿನಲ್ಲಿ ಗುಂಡಿ ತೋಡುವುದೆಂದು ಮಾತಾಗಿತ್ತು. ಶುರು ಮಾಡಿದ್ದೇ ತಡ, ತಲೆಯ ಮೇಲೆ ಎರಡು ಟಿಟ್ಟಿಭ ಹಕ್ಕಿಗಳು ಸುತ್ತಿ ಸುತ್ತಿ ಅರಚತೊಡಗಿದವು. ಕೆಲವರು ತೇನೆ ಹಕ್ಕಿ ಅನ್ನುತ್ತಾರಲ್ಲ, ಅದೇ. ಒಬ್ಬರು ವಿಡಿಯೊ ಮಾಡುತ್ತಾ ‘ನೋಡಿ, ಹಕ್ಕಿಗಳೂ ನಮ್ಮನ್ನು ಸ್ವಾಗತಿಸ್ತಿವೆ’ ಅಂದರು.

ಸಸಿ ತಂದ ಗಾಡಿಯ ಡ್ರೈವರು ನೆರಳಲ್ಲಿ ಕೂತಿದ್ದರು. ಅವರಿಗೆ ಟೀ ಶರ್ಟು ಕೊಟ್ಟಿರಲಿಲ್ಲ. ಅವರು ಕೂತಲ್ಲಿಂದಲೇ ಕೂಗಿದರು, ‘ಸಾರ್, ಅದು ಬೈತಾ ಇದೆ. ಅಲ್ಲಿ ಮೊಟ್ಟೆ ಇರ್ತವೆ, ಕಾಲಿಡಬೇಡಿ.’

ಇದ್ದವು. ನಾಲ್ಕು. ಬರಿ ನೆಲದ ಮೇಲೆ, ಮಣ್ಣಿನ ಬಣ್ಣದ ಮೊಟ್ಟೆಗಳು, ಮೇಲೆ ಕಪ್ಪು ಮಚ್ಚೆ. ಈ ಹಕ್ಕಿ ಮರದಲ್ಲಿ ಗೂಡು ಕಟ್ಟುವುದಿಲ್ಲ. ಅದಕ್ಕೆ ಬೇಕಾದ್ದು ನಾವು ‘ಖಾಲಿ’ ಅಂದುಕೊಂಡ ಆ ಬಯಲೇ. ಅದು ಮೊಟ್ಟೆ ಇಡುವುದೂ ಬೇಸಿಗೆಯಿಂದ ಮಳೆಗಾಲದವರೆಗೆ. ನಮ್ಮ ಪರಿಸರ ದಿನ ಬರುವುದೂ ಸರಿಯಾಗಿ ಅದರ ನಡುವೆ. ಮುಂದಿನ ಗುಂಡಿಗೆ ಗುರುತು ಹಾಕಿದ್ದ ಸುಣ್ಣ ಮೊಟ್ಟೆಗಳಿಂದ ಎರಡು ಹೆಜ್ಜೆ ದೂರದಲ್ಲಿತ್ತು. ಸುಣ್ಣ ಹಾಕಿದವನು ನಾನು. ಹಕ್ಕಿ ನೋಡುವುದಕ್ಕೆ ಜನರನ್ನು ಕರೆದೊಯ್ಯುವವನೂ ನಾನೇ ಅಂತ ಇಲ್ಲಿ ಹೇಳಿಬಿಡುತ್ತೇನೆ. ಆಮೇಲೆ ಬೇರೆಯವರು ಹೇಳುವುದು ಬೇಡ.

ಗುಂಡಿಗಳನ್ನು ದೂರಕ್ಕೆ ಸರಿಸಿ ಸಸಿ ನೆಟ್ಟಿದ್ದಾಯಿತು. ಫೋಟೊ ಆಯಿತು. ವಾಪಸ್ ಹೊರಡುವಾಗ ಆ ಡ್ರೈವರು ಇನ್ನೊಂದು ಮಾತು ಕೇಳಿದರು. ‘ಇಷ್ಟೊಂದು ನೆಟ್ರಲ್ಲ, ನೀರು ಹಾಕೋರು ಯಾರು ಸಾರ್?’

ಅರವತ್ತು ಜನರಲ್ಲಿ ಒಬ್ಬರೂ ಕೇಳದ ಪ್ರಶ್ನೆ. ನನ್ನ ಹತ್ತಿರ ಉತ್ತರವೂ ಇರಲಿಲ್ಲ. ಮುಂದಿನ ಬೇಸಿಗೆಯಲ್ಲಿ ಎಣಿಸಿದಾಗ 11 ಸಸಿ ಉಳಿದಿದ್ದವು.

‘ಎಷ್ಟು ಗಿಡ’ ಎಂಬ ಮಾತು ಕೇಳಿದರೆ ಮೈ ಉರಿಯುವುದು ಇದಕ್ಕೇ. ಇದು ನಮ್ಮೊಬ್ಬರ ದಡ್ಡತನವೂ ಅಲ್ಲ. ಫಿಲಿಪ್ಪೀನ್ಸ್‌ನಲ್ಲಿ ಕಡಲಂಚಿಗೆ ಕಾಂಡ್ಲಾ ಗಿಡ, ಅಂದರೆ ಮ್ಯಾಂಗ್ರೋವ್, ನೆಡುವುದಕ್ಕೆ ದಶಕಗಟ್ಟಲೆ ದುಡ್ಡು ಸುರಿದರು. ಬಹಳ ಕಡೆ ಬದುಕಿದ್ದು ಶೇಕಡಾ 10ರಿಂದ 20. ಕಾರಣ, ಅವು ತಾವಾಗಿ ಬೆಳೆಯುವ ಜಾಗ ಬಿಟ್ಟು, ಅಲೆ ಹೊಡೆಯುವ ಕೆಸರಿನಲ್ಲಿ ನೆಟ್ಟಿದ್ದರು. ತಪ್ಪು ಜಾತಿಯನ್ನೂ ನೆಟ್ಟಿದ್ದರು. ನೆಟ್ಟ ದಿನದ ಲೆಕ್ಕ ಮಾತ್ರ ಭರ್ಜರಿಯಾಗಿತ್ತು.

ನನಗೆ ಈ ಕೆಲಸದಲ್ಲಿ ಗುರುಗಳು ಅಂತ ಇದ್ದರೆ ಸಿಡ್ನಿಯ ಇಬ್ಬರು ಅಕ್ಕ-ತಂಗಿ, ಐಲೀನ್ ಬ್ರಾಡ್ಲಿ ಮತ್ತು ಜೋನ್ ಬ್ರಾಡ್ಲಿ. 1960ರ ದಶಕದಲ್ಲಿ ತಮ್ಮ ಮನೆ ಹತ್ತಿರದ ಕಾಡಿನಲ್ಲಿ ಕಳೆ ಕೀಳುತ್ತಾ ಒಂದು ಕ್ರಮವನ್ನೇ ಕಂಡುಕೊಂಡರು. ಕೆಟ್ಟುಹೋದ ಜಾಗದಿಂದ ಶುರು ಮಾಡಬೇಡಿ, ಚೆನ್ನಾಗಿರುವ ಜಾಗದ ಅಂಚಿನಿಂದ ಶುರು ಮಾಡಿ. ಮಣ್ಣನ್ನು ಆದಷ್ಟೂ ಕೆದಕಬೇಡಿ, ಸರಿಸಿದ ತರಗೆಲೆಯನ್ನು ಮತ್ತೆ ಅಲ್ಲೇ ಹಾಸಿ. ಕಾಡು ಎಷ್ಟು ಬೇಗ ವಾಪಸ್ ಬರುತ್ತದೋ ಅಷ್ಟೇ ಬೇಗ ನೀವೂ ಮುಂದೆ ಹೋಗಿ. ನೆಡುವ ಮಾತು ಇದರಲ್ಲಿಲ್ಲ. ಅಲ್ಲೇ ಇರುವ ಬೀಜಕ್ಕೆ ಜಾಗ ಬಿಟ್ಟುಕೊಡುವುದು, ಅಷ್ಟೇ. ಹೊಸಬರು ಇದನ್ನು ಕೇಳಿ ತಲೆಯಾಡಿಸುತ್ತಾರೆ, ಆಮೇಲೆ ನೆಟ್ಟಗೆ ಹೋಗಿ ಎಲ್ಲಕ್ಕಿಂತ ದೊಡ್ಡ ಪೊದೆಗೆ ಕೈ ಹಾಕುತ್ತಾರೆ. ನಾನೂ ಹಾಗೇ ಮಾಡಿದ್ದೆ.

ಎಲ್ಲ ಕಡೆಯೂ ನೆಡಬಾರದು ಅಂತ ನಾನು ಹೇಳುತ್ತಿಲ್ಲ, ಜಗಳಕ್ಕೆ ಬರಬೇಡಿ. ಗಣಿ ಅಗೆದು ಮೇಲ್ಮಣ್ಣೇ ಹೋಗಿರುವ ಕಡೆ ಬೀಜವೂ ಇರುವುದಿಲ್ಲ, ಸುಮ್ನೆ ಕಾದರೆ ಏನೂ ಬರುವುದಿಲ್ಲ. ಅಲ್ಲಿ ನೆಡಲೇಬೇಕು, ನೀರೂ ಹಾಕಬೇಕು. ಎಲ್ಲಿ ಯಾವುದು ಅಂತ ತಿಳಿಯುವುದಕ್ಕೆ ಮೊದಲು ಆ ಜಾಗವನ್ನು ನೋಡಬೇಕು ಅಲ್ವಾ?

ಮಕ್ಕಳನ್ನು ಕರೆತರುವವರ ವಿಷಯಕ್ಕೆ ಬರುತ್ತೇನೆ. ‘ಅವರಿಗೆ ಜಾಗೃತಿ ಮೂಡಬೇಕು’ ಅನ್ನುತ್ತಾರೆ. 1977ರಲ್ಲಿ ಜಾರ್ಜಿಯಾದ ರಾಜಧಾನಿ ಟಿಬಿಲಿಸಿಯಲ್ಲಿ ಪರಿಸರ ಶಿಕ್ಷಣದ ಬಗ್ಗೆ ದೊಡ್ಡ ಸಮ್ಮೇಳನ ನಡೆಯಿತು. ಅಲ್ಲಿ ಹೇಳಿದ ಗುರಿಗಳು ಐದು. ಜಾಗೃತಿ, ತಿಳಿವಳಿಕೆ, ಮನೋಭಾವ, ಕೌಶಲ, ಪಾಲ್ಗೊಳ್ಳುವಿಕೆ. ನಾವು ಮೊದಲನೆಯದರ ಹತ್ತಿರವೇ ಬೀಡು ಬಿಟ್ಟಿದ್ದೇವೆ. ಮಕ್ಕಳಿಗೆ ಜಾಗೃತಿ ಬೇಕಾದಷ್ಟಿದೆ, ಹಿಮಕರಡಿಯ ಬಗ್ಗೆ ಪುಟಗಟ್ಟಲೆ ಹೇಳುತ್ತಾರೆ. ಲಂಟಾನದ ಮರಿಯನ್ನೂ ಪಕ್ಕದ ಬೇರೆ ಸಸಿಯನ್ನೂ ಗುರುತಿಸಿ, ಒಂದನ್ನು ಕಿತ್ತು ಇನ್ನೊಂದನ್ನು ಬಿಡುವುದು ಕೌಶಲ. ಅದಕ್ಕೆ ಒಂದು ಭಾನುವಾರ ಸಾಲುವುದಿಲ್ಲ. ಮೊದಲ ಸಲ ಬಂದವರೆಲ್ಲ ಎರಡನ್ನೂ ಕೀಳುತ್ತಾರೆ. ಎಲೆ ಉಜ್ಜಿ ಮೂಸಿ ನೋಡಲು ಹೇಳಿಕೊಡುತ್ತೇನೆ. ಲಂಟಾನದ ಘಾಟು ಒಮ್ಮೆ ಮೂಗಿಗೆ ಹತ್ತಿದರೆ ಮರೆಯುವುದಿಲ್ಲ.

ಹಾಗಾಗಿ ನನ್ನನ್ನು ಕೇಳಬೇಕಾದ ಪ್ರಶ್ನೆ ‘ಮತ್ತೆ ಯಾವಾಗ ಬರಲಿ?’ ಅನ್ನುವುದು. ಯಾರೂ ಕೇಳುವುದಿಲ್ಲ. ನಿಮ್ಮ ಹತ್ತಿರದಲ್ಲಿ ಕೆರೆಯದೋ ಕಾಡಂಚಿನದೋ ಇಂಥ ಗುಂಪು ಇದ್ದರೆ ಅವರನ್ನು ಹಾಗೆ ಕೇಳಿ ನೋಡಿ. ಇಲ್ಲಿ ಮೊದಲು ಏನಿತ್ತು, ಹೋದ ವರ್ಷ ಮಾಡಿದ ಜಾಗ ತೋರಿಸ್ತೀರಾ ಅಂತಲೂ ಕೇಳಿ. ತೋರಿಸಲು ಹಿಂಜರಿದರೆ ಮನೆಗೆ ಬನ್ನಿ. ಸರ್ಟಿಫಿಕೇಟ್ ಕೊಡ್ತೀರಾ ಅಂತ ಮಾತ್ರ ಕೇಳಬೇಡಿ. ನಾನು ಕೊಡುತ್ತೇನೆ, ಆದರೆ ಆರು ಸಲ ಬಂದವರಿಗೆ. ಇವತ್ತಿನವರೆಗೆ ಮುದ್ರಿಸಿದ್ದು ಮೂರು.

ಆ ಅರವತ್ತು ಜನರಲ್ಲಿ ಒಬ್ಬರು ಒಂದೂವರೆ ವರ್ಷದ ಮೇಲೆ ಮೆಸೇಜ್ ಮಾಡಿದರು. ‘ಸರ್, ಮಗಳ ಹುಟ್ಟುಹಬ್ಬ. ಅವಳ ಹೆಸರಲ್ಲಿ ನೆಟ್ಟ ಗಿಡದ ಒಂದು ಫೋಟೊ ಕಳಿಸ್ತೀರಾ?’ ಹೋಗಿ ಹುಡುಕಿದೆ. ಅವರು ನೆಟ್ಟ ಸಾಲಿನಲ್ಲಿ ಒಣಗಿದ ಕಡ್ಡಿಗಳಿದ್ದವು. ಸ್ವಲ್ಪ ಆಚೆ, ಲಂಟಾನ ತೆಗೆದ ಅಂಚಿನಲ್ಲಿ, ಯಾವುದೋ ಹಕ್ಕಿ ಉದುರಿಸಿದ ಬೀಜದಿಂದ ಒಂದು ಬೇವು ಎದ್ದಿತ್ತು. ಸೊಂಟದೆತ್ತರ, ಹೊಳೆಯುವ ಎಲೆ. ಅದರ ಫೋಟೊ ತೆಗೆದು ಕಳಿಸಿಬಿಟ್ಟೆ.

ಅವರಿಗೆ ಖುಷಿಯೋ ಖುಷಿ. ಮುಂದಿನ ಜೂನ್‌ಗೆ ಇನ್ನೂ ನೂರು ಸಸಿ ತರ್ತೀವಿ ಅಂತ ಬರೆದಿದ್ದಾರೆ. ಇನ್ನೂ ಉತ್ತರ ಕೊಟ್ಟಿಲ್ಲ. ಇದನ್ನೇ ಕಳಿಸೋಣ ಅಂತಿದ್ದೆ, ಈಗ ಆ ಬೇವಿನ ವಿಷಯ ಬರೆದು ಕೆಡಿಸಿಕೊಂಡೆ.