ಎರಡು ಗೀಟು

ಇವತ್ತು ಅವೆನ್ಯೂ ರಸ್ತೆಯಲ್ಲಿ ಹಳೇ ಪ್ರವಾಸಿ ಗೈಡ್ ಒಂದು ಸಿಕ್ಕಿತು. ಹಂಪಿಯ ಪುಟದಲ್ಲಿ ಯಾರೋ ಪೆನ್ಸಿಲ್ ಗೀಟು ಹಾಕಿದ್ದಾರೆ. ವಿಠ್ಠಲ ದೇವಸ್ಥಾನಕ್ಕೆ ಎರಡು ಗೀಟು, ದಪ್ಪಗೆ. ಆನೆಗೊಂದಿಗೆ ಒಂದೂ ಇಲ್ಲ.

ಜರ್ಮನಿಯ ಬೇಡೆಕರ್ ಗೈಡುಗಳು 19ನೇ ಶತಮಾನದಲ್ಲೇ ನೋಡಲೇಬೇಕಾದ ಜಾಗಗಳಿಗೆ ನಕ್ಷತ್ರ ಕೊಡುತ್ತಿದ್ದವು. ಜನ ಆ ನಕ್ಷತ್ರ ನೋಡಿಕೊಂಡೇ ಊರೂರು ಸುತ್ತಿದರು. ಈಗ ಪುಸ್ತಕದ ಜಾಗಕ್ಕೆ ಫೋನ್ ಬಂದಿದೆ, ಅಷ್ಟೇ ಅಲ್ವಾ? ಕಲ್ಲಿನ ರಥದ ಮುಂದೆ ಫೋಟೋಗೆ ನೂಕುನುಗ್ಗಲು. ಹೊಳೆಯ ಆಚೆ ದಡದಲ್ಲಿ ಆನೆಗೊಂದಿ ಇದೆ, ವಿಜಯನಗರಕ್ಕಿಂತ ಹಳೇ ಊರು. ಅಲ್ಲಿಗೆ ಹೋಗುವವರು ಕಡಿಮೆ.

ಆದರೂ ಗೈಡ್ ಪುಸ್ತಕ ಅಂದರೆ ನನಗೆ ಇಷ್ಟ. ಗೊತ್ತಿಲ್ಲದ ಊರಲ್ಲಿ ಬಸ್ಸು ಎಲ್ಲಿ, ಊಟ ಎಲ್ಲಿ ಅಂತ ಧೈರ್ಯ ಕೊಡುತ್ತದೆ. ಬರೆಯುವವರು ಆಚೆ ದಡಕ್ಕೂ ಒಂದು ಪುಟ ಜಾಸ್ತಿ ಕೊಡಲಿ.

ಹಂಪಿಗೆ ಹೊರಟವರು ಒಂದು ದಿನ ಹೆಚ್ಚು ಇಟ್ಟುಕೊಳ್ಳಿ. ಆನೆಗೊಂದಿಯಿಂದ ದೋಣಿ ಹತ್ತಿ, ಹೊಳೆಯ ನಡುಗಡ್ಡೆಯಲ್ಲಿ ಒಂಬತ್ತು ಯತಿಗಳ ಸಮಾಧಿಗಳಿರುವ ನವಬೃಂದಾವನಕ್ಕೂ ಹೋಗಿ ಬನ್ನಿ.