ಊಟದಲ್ಲಿ ಸಂಶೋಧನೆ ಮಾಡುವುದಕ್ಕೆ ಏನಿದೆ ಎಂದು ಕೇಳುವವರಿಗೆ

ತಾಯಿ ಮತ್ತು ಮಕ್ಕಳ ಪೌಷ್ಟಿಕತೆಯ ಬಗ್ಗೆ ಸಂಶೋಧನೆ ಮಾಡಲು ತೊಡಗಿ ನನಗೆ ಇಪ್ಪತ್ತೆರಡು ವರ್ಷಗಳಾದವು. ಇಷ್ಟು ವರ್ಷಗಳಲ್ಲಿ ಮದುವೆ ಮನೆ, ಗೃಹಪ್ರವೇಶ, ರೈಲು, ಬ್ಯಾಂಕಿನ ಸಾಲು, ಹೀಗೆ ಎಲ್ಲಿ ಹೋದರೂ ಕೇಳಿಸಿಕೊಂಡ ಪ್ರಶ್ನೆ ಒಂದೇ: "ಊಟದಲ್ಲಿ ಸಂಶೋಧನೆ ಮಾಡೋಕೆ ಏನಿದೆ? ನಮ್ಮಜ್ಜಿ ಹತ್ತು ಹೆತ್ತರು, ಒಂದು ಮಾತ್ರೆಯನ್ನಾದರೂ ನುಂಗಿದ್ದರಾ?" ಮೊದಮೊದಲು ನಗುತ್ತಿದ್ದೆ, ಆಮೇಲೆ ವಿವರಿಸುತ್ತಿದ್ದೆ. ಈಗ ಎರಡೂ ಸಾಕಾಗಿದೆ. ಇನ್ನು ಮುಂದೆ ಯಾರು ಕೇಳಿದರೂ ಈ ಬರಹವನ್ನು ಕಳುಹಿಸಿ ನನ್ನ ಪಾಡಿಗೆ ನಾನು ಊಟ ಮಾಡುತ್ತೇನೆ.

ಮೊದಲನೆಯದಾಗಿ, ಇದು ಪ್ರಶ್ನೆಯೇ ಅಲ್ಲ. ಉತ್ತರ ಬೇಕಾದವರು ಅಜ್ಜಿಯನ್ನು ಸಾಕ್ಷಿಗೆ ಕರೆತರುವುದಿಲ್ಲ. ಹೃದ್ರೋಗ ತಜ್ಞರ ಮುಂದೆ ನಿಂತು "ನಮ್ಮ ತಾತನಿಗೂ ಎದೆ ಬಡಿಯುತ್ತಿತ್ತು, ಅದರಲ್ಲಿ ಓದುವುದೇನಿದೆ" ಎಂದವರನ್ನು ನಾನಂತೂ ಕಂಡಿಲ್ಲ. ನಾನು ಓದಿದ್ದು ಗೃಹವಿಜ್ಞಾನ ಎಂದು ಗೊತ್ತಾದರೆ ಮಾತು ನೇರವಾಗಿ ಒಗ್ಗರಣೆಗೆ ಇಳಿಯುತ್ತದೆ. (ನನಗೆ ಒಬ್ಬಟ್ಟು ತಟ್ಟಲು ಬರುವುದಿಲ್ಲ ಎಂಬುದನ್ನು ಇಲ್ಲೇ ಒಪ್ಪಿಕೊಂಡುಬಿಡುತ್ತೇನೆ.)

ಕೆಲವು ವರ್ಷಗಳ ಹಿಂದೆ ನಮ್ಮ ಮನೆಯ ಹುಡುಗಿಯೊಬ್ಬಳ ಸೀಮಂತದಲ್ಲಿ, ಪಂಕ್ತಿಯಲ್ಲಿ ನನ್ನ ಪಕ್ಕ ಕುಳಿತಿದ್ದ ದೊಡ್ಡಪ್ಪ ಇಡೀ ಸಾಲಿಗೆ ಕೇಳಿಸುವಂತೆ ಇದೇ ಮಾತನ್ನು ಎತ್ತಿದರು: "ನಮ್ಮಮ್ಮ ಹತ್ತು ಹೆತ್ತಳಮ್ಮ, ಯಾವ ಸಂಶೋಧನೆ ಇತ್ತು?" ನನಗೂ ಹಸಿವಾಗಿತ್ತು, ಹಸಿದಾಗ ನನ್ನ ನಾಲಿಗೆ ನನ್ನ ಮಾತು ಕೇಳುವುದಿಲ್ಲ. "ಹತ್ತು ಸರಿ ದೊಡ್ಡಪ್ಪ, ಉಳಿದವರು ಎಷ್ಟು ಜನ?" ಎಂದೆ. ಅವರು ಕೋಸಂಬರಿಯನ್ನೇ ನೋಡುತ್ತ ಕುಳಿತರು. ಲೆಕ್ಕ ಕೊಟ್ಟವರು ಎದುರು ಸಾಲಿನಲ್ಲಿದ್ದ ಸೋದರತ್ತೆ, ಆ ಹತ್ತರಲ್ಲಿ ಹಿರಿಯರು. ಎಡಗೈಯ ಬೆರಳುಗಳನ್ನು ಒಂದೊಂದಾಗಿ ಮಡಿಸುತ್ತ, ಹನ್ನೊಂದನೆಯ ದಿನಕ್ಕೆ ಹೋದ ಗಂಡು ಕೂಸು, ಹೆಸರಿಡುವ ಮುಂಚೆಯೇ ಹೋದ ಅವಳಿ ಹುಡುಗಿಯರು, ಮೊಲೆ ಬಿಡಿಸಿದ ವರ್ಷ ಭೇದಿಯಾಗಿ ಹೋದ ಇನ್ನೊಬ್ಬಳು ಎಂದು ಎಣಿಸಿದರು. ಹೆಬ್ಬೆರಳೊಂದು ಮಡಿಸದೆ ಉಳಿಯಿತು. ಬಸುರಿ ಹುಡುಗಿಯ ಎದುರು ಆಡುವ ಮಾತೇ ಇದು ಎಂದು ಅಮ್ಮ ಒಂದು ವಾರ ನನ್ನೊಡನೆ ಮಾತು ಬಿಟ್ಟರು. ಅಮ್ಮ ಹೇಳಿದ್ದು ಸರಿಯೇ. ಆದರೂ ದೊಡ್ಡಪ್ಪ ಆ ಮಾತನ್ನು ಮತ್ತೆ ಎತ್ತಿಲ್ಲ.

ಅಜ್ಜಿಯರ ಮೇಲೆ ನನಗೆ ದ್ವೇಷವಿಲ್ಲ. ಬಾಣಂತಿಗೆ ಸಬ್ಬಸಿಗೆ ಸೊಪ್ಪು, ಮೆಂತ್ಯ, ಅಂಟಿನುಂಡೆ ಕೊಟ್ಟವರು ಅವರು. ಅದೇ ಬಾಣಂತಿ ನೀರು ಕೇಳಿದರೆ ಗುಟುಕು ಲೆಕ್ಕದಲ್ಲಿ ಕೊಟ್ಟವರು, ಹಳದಿ ಬಣ್ಣದ ಮೊದಲ ಹಾಲನ್ನು ಹಿಂಡಿ ಚೆಲ್ಲಿಸಿ ಕೂಸಿನ ಬಾಯಿಗೆ ಸಕ್ಕರೆ ನೀರು ಬಿಟ್ಟವರೂ ಅವರೇ. ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬುದು ಪ್ರೀತಿಯಿಂದ ತೀರ್ಮಾನವಾಗುವುದಿಲ್ಲ.

ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ 1928ರಲ್ಲಿ ಮುಂಬಯಿಗೆ ಬಂದು, ಅಲ್ಲಿಯ ಬಟ್ಟೆ ಗಿರಣಿಗಳ ಬಡ ಹೆಂಗಸರಲ್ಲಿ ಬಸಿರಿನ ಹೊತ್ತಿಗೆ ಕಾಣಿಸುತ್ತಿದ್ದ ಮಾರಕ ರಕ್ತಹೀನತೆಯ ಬೆನ್ನು ಹತ್ತಿದರು. ಅಗ್ಗದ ಯೀಸ್ಟ್ ಸಾರವಾದ ಮಾರ್ಮೈಟ್ ತಿನ್ನಿಸಿದರೆ ಅದು ಗುಣವಾಗುತ್ತದೆ ಎಂದು ಅವರು 1931ರಲ್ಲಿ ಪ್ರಕಟಿಸಿದರು. ಅದರಲ್ಲಿದ್ದ ಅಂಶವೇ ಇಂದು ನಿಮ್ಮ ಮನೆಯ ಬಸುರಿಗೆ ಕಬ್ಬಿಣದ ಮಾತ್ರೆಯಲ್ಲಿ ಸೇರಿ ಬರುವ ಫೋಲಿಕ್ ಆಮ್ಲ. ಕೂಸಿನ ಮೆದುಳು ಮತ್ತು ಬೆನ್ನುಹುರಿಯಾಗಿ ಬೆಳೆಯುವ ನರನಾಳ ಗರ್ಭ ಕಟ್ಟಿದ ಸುಮಾರು 28 ದಿನಗಳೊಳಗೆ ಮುಚ್ಚಿಕೊಳ್ಳುತ್ತದೆ, ಅಂದರೆ ಎಷ್ಟೋ ಹೆಂಗಸರಿಗೆ ಮುಟ್ಟು ನಿಂತದ್ದು ಖಚಿತವಾಗುವ ಹೊತ್ತಿಗೆ ಆ ಕೆಲಸ ಮುಗಿಯುತ್ತ ಬಂದಿರುತ್ತದೆ, ಆದ್ದರಿಂದ ಫೋಲಿಕ್ ಆಮ್ಲ ಅದಕ್ಕೂ ಮುಂಚೆಯೇ ಮೈಯಲ್ಲಿ ಇರಬೇಕು. ಇದನ್ನು ಯಾವ ಅಜ್ಜಿಯೂ ಕಣ್ಣಿನಿಂದ ಕಂಡು ತಿಳಿಯಲಾರಳು. ಇನ್ನು ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದ ಬರೆದಿಟ್ಟ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆಯ ದಾಖಲೆಗಳನ್ನು ಹಿಡಿದು ದಶಕಗಳ ನಂತರ ಆ ಜನರನ್ನೇ ಹುಡುಕಿ ನೋಡಿದಾಗ, ಕಡಿಮೆ ತೂಕದಲ್ಲಿ ಹುಟ್ಟಿದವರಿಗೆ ಹೃದ್ರೋಗ ಹೆಚ್ಚು ಎಂಬುದು 1996ರಲ್ಲಿ ಬೆಳಕಿಗೆ ಬಂತು. ಅರವತ್ತರ ಎದೆನೋವಿನ ಬೇರು ತಾಯಿಯ ತಟ್ಟೆಯವರೆಗೂ ಹೋಗಬಹುದು.

ಆ ತಟ್ಟೆಯ ಬಗ್ಗೆ ಯಾರಾದರೂ ನನ್ನನ್ನು ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ: ಒಬ್ಬ ಹೆಂಗಸು ನಿನ್ನೆ ಏನು ತಿಂದಳೆಂದು ನಿಮಗೆ ಗೊತ್ತಾಗುವುದಾದರೂ ಹೇಗೆ? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಶೇಕಡಾ 45.7ರಷ್ಟು ಗರ್ಭಿಣಿಯರಿಗೆ ರಕ್ತಹೀನತೆ ಇದೆ. ರಕ್ತವನ್ನು ಯಂತ್ರ ಅಳೆಯುತ್ತದೆ. ಊಟವನ್ನು ನಾವು ಕೇಳಿ ತಿಳಿಯಬೇಕು, ಹಿಂದಿನ ದಿನ ಬೆಳಗಿನಿಂದ ರಾತ್ರಿಯವರೆಗೆ ತಿಂದದ್ದನ್ನು ನೆನಪು ಮಾಡಿಸಿ, ಸೌಟು ಬಟ್ಟಲುಗಳ ಲೆಕ್ಕದಲ್ಲಿ ಬರೆದುಕೊಳ್ಳಬೇಕು.

ಕೊಪ್ಪಳ ಜಿಲ್ಲೆಯ ಹಳ್ಳಿಯೊಂದರಲ್ಲಿ ನಾನು ಮೂರು ತಿಂಗಳು ಹೀಗೆ ಬರೆದುಕೊಂಡೆ. ಏಳು ತಿಂಗಳ ಬಸುರಿಯೊಬ್ಬಳು ಯಾವಾಗ ಕೇಳಿದರೂ "ರೊಟ್ಟಿ, ಬ್ಯಾಳಿ ಸಾರ್ರೀ, ಎರಡು ಸೌಟು" ಎನ್ನುತ್ತಿದ್ದಳು. ನಾನು ಬೇಳೆಯ ಪ್ರೋಟೀನನ್ನು ಲೆಕ್ಕ ಹಾಕಿ, ಪರವಾಗಿಲ್ಲ ಎಂದುಕೊಳ್ಳುತ್ತಿದ್ದೆ. ಒಂದು ಸಂಜೆ ಬಸ್ಸು ತಪ್ಪಿ ಅವರ ಮನೆಯಲ್ಲೇ ಉಳಿದೆ. ಮಾವ, ಗಂಡ, ಮೈದುನ ಕುಳಿತಾಗ ಆಕೆ ಸೌಟನ್ನು ಪಾತ್ರೆಯ ತಳದವರೆಗೆ ಇಳಿಸಿ, ಬೇಳೆ ಎತ್ತಿ ಬಡಿಸಿದಳು. ಅತ್ತೆಯ ಊಟವೂ ಆದ ಮೇಲೆ ಪಾತ್ರೆಗೆ ಒಂದು ಚೊಂಬು ಬಿಸಿನೀರು ಸುರಿದು, ಚಿಟಿಕೆ ಖಾರಪುಡಿ ಮತ್ತು ಉಪ್ಪು ಹಾಕಿ, ಮತ್ತೊಮ್ಮೆ ಕುದಿಸಿ, ತನ್ನ ರೊಟ್ಟಿಯ ಮೇಲೆ ಹುಯ್ದುಕೊಂಡಳು. ಸರಿಯಾಗಿ ಎರಡು ಸೌಟು. ಆಕೆ ಒಂದು ದಿನವೂ ಸುಳ್ಳು ಹೇಳಿರಲಿಲ್ಲ. ಕೇಳಲು ಬಾರದವಳು ನಾನು.

ಮೂರು ತಿಂಗಳ ಹಾಳೆಗಳನ್ನು ಲೆಕ್ಕದಿಂದ ಕೈಬಿಡಬೇಕಾಯಿತು. ಮಾರ್ಗದರ್ಶಕರು ಏನೆಂದರು ಎಂಬುದನ್ನು ಬರೆಯುವುದಿಲ್ಲ. ಮರುದಿನ ಬೆಳಿಗ್ಗೆ ಹೊಸ ಹಾಳೆ ತೆಗೆದು ಆಕೆಯನ್ನು ಮೊದಲಿನಿಂದ ಕೇಳಿದೆ; ಸಾರಿನ ಸಾಲಿಗೆ ಬಂದಾಗ, ನೀರು ಹಾಕುವ ಮೊದಲಿನ ಸೌಟೋ, ಆಮೇಲಿನದೋ ಎಂದೆ. ಆಕೆ ಸೆರಗು ಬಾಯಿಗೆ ಹಿಡಿದು ನಕ್ಕಳು. "ಇದನ್ನೂ ಬರಕೋತೀರೇನ್ರೀ ಅಕ್ಕಾರ?"

ಬರೆದುಕೊಂಡೆ.