‘ಪಾರ್ಲರ್‌ನವರು ಕೂದಲು ಸುಟ್ಟರು, ಎಷ್ಟು ಸಿಗುತ್ತೆ?’

ಜನ ಫೋನು ಮಾಡಿ ನನ್ನನ್ನು ಕೇಳುವ ಈ ಪ್ರಶ್ನೆಯಲ್ಲಿ ಇರೋದು ಐದೇ ಪದ. ಮೊದಲ ಮೂರನ್ನು ನೀವು ಗ್ರಾಹಕ ಆಯೋಗದ ಮುಂದೆ ಸಾಬೀತು ಮಾಡಬೇಕು, ಆಮೇಲಷ್ಟೇ ಉಳಿದೆರಡರ ಮಾತು. ಆದರೆ ಕೇಳುವವರು ಮೊದಲ ಮೂರನ್ನು ಒಂದೇ ಉಸಿರಿಗೆ ದಾಟಿ ‘ಎಷ್ಟು’ ಅನ್ನುವಲ್ಲಿ ಬಂದು ಕಾಲೂರಿ ನಿಲ್ಲುತ್ತಾರೆ. ಕೂಸು ಹುಟ್ಟುವ ಮುಂಚೆ ಕುಲಾವಿ ಅಂತಾರಲ್ಲ, ಇಲ್ಲಿ ಕುಲಾವಿಯ ಅಳತೆಯನ್ನೂ ಅವರೇ ಹೇಳಿಬಿಡುತ್ತಾರೆ: ಎರಡು ಕೋಟಿ ಸಿಗುತ್ತಂತೆ, ಹೌದಾ?

ಆ ಎರಡು ಕೋಟಿಯ ಕಥೆ ಇಷ್ಟು. 2018ರ ಏಪ್ರಿಲ್‌ನಲ್ಲಿ ದೆಹಲಿಯ ಪಂಚತಾರಾ ಹೋಟೆಲೊಂದರ ಸಲೂನಿಗೆ ಹೋದ ಮಹಿಳೆಯೊಬ್ಬರು ಕೂದಲನ್ನು ಕೆಳಗಿನಿಂದ 4 ಇಂಚು ಕತ್ತರಿಸಿ ಎಂದರು. ಅವರ ದೂರಿನ ಪ್ರಕಾರ, ಕತ್ತರಿ ಹಿಡಿದವರು ಮೇಲಿನಿಂದ 4 ಇಂಚು ಮಾತ್ರ ಉಳಿಸಿದರು. 2021ರ ಸೆಪ್ಟೆಂಬರ್‌ನಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ 2 ಕೋಟಿ ರೂಪಾಯಿ ಪರಿಹಾರಕ್ಕೆ ಆದೇಶ ಮಾಡಿತು. ವಾಟ್ಸ್‌ಆ್ಯಪ್‌ನಲ್ಲಿ ಕಥೆ ಇಲ್ಲಿಗೇ ಮುಗಿಯುತ್ತದೆ. ಮುಂದಿನದನ್ನು ಯಾರೂ ಫಾರ್ವರ್ಡ್ ಮಾಡಲಿಲ್ಲ. 2023ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್, ಸೇವೆಯಲ್ಲಿ ಲೋಪವಾಗಿದೆ ಎಂಬ ತೀರ್ಮಾನವನ್ನು ಮುಟ್ಟದೆ, ಮೊತ್ತವನ್ನು ಮಾತ್ರ ರದ್ದು ಮಾಡಿತು. ಪರಿಹಾರದ ಲೆಕ್ಕಕ್ಕೆ ಆಧಾರ ಬೇಕು, ಕೇಳಿದ್ದಷ್ಟಕ್ಕೇ ಕೊಡಲಾಗದು ಎಂದು ಪ್ರಕರಣವನ್ನು ವಾಪಸ್ ಕಳಿಸಿತು. ಏಪ್ರಿಲ್‌ನಲ್ಲಿ ರಾಷ್ಟ್ರೀಯ ಆಯೋಗ ಮತ್ತೆ ಅದೇ 2 ಕೋಟಿ ಎಂದಿತು, ವ್ಯಾಜ್ಯ ಮತ್ತೆ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿತು. ದೂರುದಾರರು ಕೂದಲಿನ ಉತ್ಪನ್ನಗಳಿಗೆ ಮಾಡೆಲಿಂಗ್ ಮಾಡಿದ್ದವರು. ಹಾಗಿದ್ದೂ ಆ ಮೊತ್ತಕ್ಕೆ ಇಷ್ಟು ಗುದ್ದಾಟ. ಅದನ್ನು ನಿಮ್ಮ ತಲೆಯ ಮಾರುಕಟ್ಟೆ ದರ ಅಂದುಕೊಂಡರೆ ನಾನೇನೂ ಮಾಡಲಾರೆ.

ಇನ್ನೊಂದು ವ್ಯತ್ಯಾಸವೂ ಇದೆ. ಆ ದೂರು 1986ರ ಹಳೆಯ ಕಾಯ್ದೆಯ ಕಾಲದ್ದು. ಆಗ ನೀವು ಕೇಳುವ ಪರಿಹಾರವನ್ನೂ ಸೇರಿಸಿ, ಜಿಲ್ಲೆ, ರಾಜ್ಯ, ರಾಷ್ಟ್ರ ಮೂರರಲ್ಲಿ ಯಾವ ಆಯೋಗ ಎಂದು ಲೆಕ್ಕ ಹಾಕುತ್ತಿದ್ದರು. ಮೂರು ಕೋಟಿ ಕೇಳಿದರೆ ನೇರ ದೆಹಲಿಯ ರಾಷ್ಟ್ರೀಯ ಆಯೋಗ. 2020ರ ಜುಲೈ 20ರಂದು ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಲೆಕ್ಕಕ್ಕೆ ಬರುವುದು ನೀವು ಸೇವೆಗೆ ಕೊಟ್ಟ ಹಣ. ಅದು 50 ಲಕ್ಷದೊಳಗಿದ್ದರೆ ಜಿಲ್ಲಾ ಆಯೋಗ. ಸ್ಮೂತನಿಂಗ್‌ಗೆ 50 ಲಕ್ಷ ಕೊಟ್ಟವರು ಇದನ್ನು ಓದುತ್ತಿಲ್ಲ ಅಂತ ನಂಬಿದ್ದೇನೆ. ಅಂದರೆ ಎಲ್ಲರ ದಾರಿಯೂ ಜಿಲ್ಲಾ ಆಯೋಗಕ್ಕೇ.

ಹೋಗಲಿ. ಯಾರಾದರೂ ಒಬ್ಬರು ನನ್ನನ್ನು ಬೇರೆ ಪ್ರಶ್ನೆ ಕೇಳಬಾರದೇ? ‘ಉದುರಿದ್ದು ಬುಡದಿಂದಲೋ, ನಡುವೆ ತುಂಡಾಯಿತೋ?’ ಇದೊಂದರ ಉತ್ತರ ಗೊತ್ತಾದರೆ ಅರ್ಧ ಕೇಸು ಗೊತ್ತಾದ ಹಾಗೆ.

ಉದುರಿದ ಕೂದಲನ್ನು ಬಿಳಿ ಕಾಗದದ ಮೇಲಿಟ್ಟು ನೋಡಿ. ಒಂದು ತುದಿಯಲ್ಲಿ ಸಾಸಿವೆಗಿಂತ ಚಿಕ್ಕದೊಂದು ಬಿಳಿ ಗಂಟು ಇದ್ದರೆ ಅದು ಬುಡಸಮೇತ ಬಂದದ್ದು. ದಿನಕ್ಕೆ 50ರಿಂದ 100 ಕೂದಲು ಹೀಗೆ ಬರುವುದು ಎಲ್ಲರಿಗೂ ಸಹಜ. ಜೋರು ಜ್ವರ, ಹೆರಿಗೆ, ಶಸ್ತ್ರಚಿಕಿತ್ಸೆ ಆಗಿ ಎರಡು ಮೂರು ತಿಂಗಳಿಗೆ ಇದು ರಾಶಿ ರಾಶಿಯಾಗಿ ಬರಬಹುದು. ಸಲೂನಿನ ಪರ ವಕೀಲರು ಮೊದಲು ಹಿಡಿಯುವುದೇ ಈ ಎಳೆಯನ್ನು: ‘ದೂರುದಾರರಿಗೆ ಮೊದಲೇ ಕೂದಲು ಉದುರುತ್ತಿತ್ತು.’ ಎರಡೂ ತುದಿ ಮೊಂಡಾಗಿ, ಗಂಟಿಲ್ಲದೆ, ತುಂಡು ತುಂಡಾಗಿ ಬಂದಿದ್ದರೆ ಅದು ಮುರಿದ ಕೂದಲು. ಜ್ವರಕ್ಕೆ ಕೂದಲು ನಡುವೆ ಮುರಿಯುವುದಿಲ್ಲ. ಮುರಿಯುವುದು ರಾಸಾಯನಿಕಕ್ಕೆ, ಶಾಖಕ್ಕೆ, ಎಳೆತಕ್ಕೆ.

ಎಲ್ಲಿ ಮುರಿದಿದೆ ಎಂಬುದು ಇನ್ನೂ ಹೆಚ್ಚು ಹೇಳುತ್ತದೆ. ಕೂದಲು ತಿಂಗಳಿಗೆ ಹತ್ತಿರ ಹತ್ತಿರ 1 ಸೆಂಟಿಮೀಟರ್ ಬೆಳೆಯುತ್ತದೆ. ನಾಲ್ಕು ತಿಂಗಳ ಹಿಂದೆ ಬ್ಲೀಚ್ ಮಾಡಿಸಿದ್ದೀರಿ, ಈಗ ಬುಡಕ್ಕೆ ಮಾತ್ರ ಟಚಪ್ ಅಂತ ಕೂತಿರಿ ಅನ್ನಿ. ಹೊಸದಾಗಿ ಬೆಳೆದ 4 ಸೆಂಟಿಮೀಟರಿಗೆ ಮಾತ್ರ ಬ್ಲೀಚ್ ಹಚ್ಚಬೇಕು. ಕೈ ಜಾರಿ, ಅಥವಾ ಸೋಮಾರಿತನಕ್ಕೆ, ಹಳೆಯ ಭಾಗದ ಮೇಲೂ ಎಳೆದರೆ ಎರಡು ಸಲ ಬ್ಲೀಚ್ ಕುಡಿದ ಆ ಪಟ್ಟಿಯಲ್ಲೇ ಕೂದಲು ಮುರಿಯುತ್ತದೆ. ತಲೆಯ ಸುತ್ತ ನೆತ್ತಿಯಿಂದ ಒಂದೇ ದೂರದಲ್ಲಿ, ಗೆರೆ ಎಳೆದ ಹಾಗೆ. ಅಂಥ ಗೆರೆಯ ಪಕ್ಕ ಸ್ಕೇಲ್ ಇಟ್ಟು ತೆಗೆದ ಒಂದು ಫೋಟೋ, ಹತ್ತು ಪುಟದ ‘ನನಗಾದ ಮಾನಸಿಕ ಯಾತನೆ’ಗಿಂತ ಮೇಲು. ಯಾತನೆ ಸುಳ್ಳು ಅಂತಲ್ಲ, ಅದನ್ನು ಅಳೆಯಲು ಸ್ಕೇಲ್ ಇಲ್ಲ.

ಬ್ಲೀಚ್ ಪುಡಿಗೆ ಬೆರೆಸುವ ಡೆವಲಪರ್ ಅಂದರೆ ಹೈಡ್ರೋಜನ್ ಪೆರಾಕ್ಸೈಡ್. 20 ವಾಲ್ಯೂಮ್ ಎಂದರೆ ಶೇ 6, 30 ಎಂದರೆ ಶೇ 9, 40 ಎಂದರೆ ಶೇ 12. ನೆತ್ತಿಗೆ ತಾಗುವಂತೆ 40 ಹಚ್ಚಿ, ಬೇಗ ಆಗಲಿ ಎಂದು ಮೇಲೆ ಶಾಖವನ್ನೂ ಕೊಟ್ಟರೆ ಕೂದಲಿನ ಒಳಗಿನ ಗಂಧಕದ ಕೊಂಡಿಗಳು ಮತ್ತೆ ಕೂಡದ ಹಾಗೆ ಕಡಿದುಹೋಗುತ್ತವೆ. ಒದ್ದೆ ಮಾಡಿ ಎಳೆದರೆ ಚ್ಯೂಯಿಂಗ್ ಗಮ್ಮಿನಂತೆ ಹಿಗ್ಗಿ, ವಾಪಸ್ ಬರದೆ ತುಂಡಾಗುತ್ತದೆ. ಇದನ್ನು ವಿಡಿಯೋ ಮಾಡಿ, ಎರಡು ಎಳೆ ಸಾಕು. ಕೂದಲನ್ನು ನೇರ ಮಾಡುವ ರೀಬಾಂಡಿಂಗ್‌ನಲ್ಲಿ ಕಥೆ ಬೇರೆ. ಅಲ್ಲಿ ಮೊದಲ ಕ್ರೀಮಿನ ಥಯೋಗ್ಲೈಕೊಲೇಟ್ ಕೊಂಡಿಗಳನ್ನು ಬಿಡಿಸುತ್ತದೆ, ಕೊನೆಯ ನ್ಯೂಟ್ರಲೈಸರ್ ಮತ್ತೆ ಕೂಡಿಸುತ್ತದೆ. ಕ್ರೀಮ್ ಹಚ್ಚಿ ಫೋನಿನಲ್ಲಿ ಮುಳುಗಿದರೆ, ಸರಿಯಾಗಿ ತೊಳೆಯದೆ ಐರನ್ ಇಟ್ಟರೆ, ನ್ಯೂಟ್ರಲೈಸರಿನ ಸಮಯ ಕಡಿತ ಮಾಡಿದರೆ, ಮೂರರಲ್ಲಿ ಯಾವುದಾದರೂ ಒಂದೇ ಸಾಕು. ಸೋಡಿಯಂ ಹೈಡ್ರಾಕ್ಸೈಡ್ ರಿಲ್ಯಾಕ್ಸರ್ (ಅದೂ ಕೂದಲು ನೇರ ಮಾಡುವ ಕ್ರೀಮೇ) ಹಚ್ಚಿದ್ದ ಕೂದಲಿನ ಮೇಲೆ ಥಯೋಗ್ಲೈಕೊಲೇಟ್ ಹಚ್ಚುವುದಂತೂ ಕಸುಬು ಕಲಿತವರು ಮಾಡಬಾರದ ಕೆಲಸ.

ಮತ್ತೆ ನಮ್ಮ ‘ಮೆಹೆಂದಿ’. ಶುದ್ಧ ಮದರಂಗಿ ಸೊಪ್ಪಿನ ಪುಡಿಯಿಂದ ಅಷ್ಟು ಕಾಟವಿಲ್ಲ. ಲೋಹದ ಲವಣ ಬೆರೆತ ಬಣ್ಣದ ಪುಡಿಗಳ ಮೇಲೆ ಪೆರಾಕ್ಸೈಡ್ ಬಿದ್ದರೆ ಮಾತ್ರ ಕೂದಲು ಬಿಸಿಯಾಗಿ ಹೊಗೆಯೂ ಬರಬಹುದು. ಆದ್ದರಿಂದಲೇ ‘ಈ ಮೊದಲು ಏನು ಹಚ್ಚಿದ್ದೀರಿ?’ ಎಂದು ಕೇಳುವುದು ಸಲೂನಿನವರ ಕರ್ತವ್ಯ. ಕೇಳಿದ್ದಕ್ಕೆ ನೀವು ಸುಳ್ಳು ಹೇಳಿದ್ದರೆ ಕೇಸು ಅಲ್ಲಿಗೇ ಸೊರಗಿತು. ಕೇಳಲೇ ಇಲ್ಲ ಎಂದರೆ, ಅದೇ ನಿಮ್ಮ ದೂರಿನ ಮೊದಲ ಪ್ಯಾರಾ.

ಎರಡನೇ ಪ್ಯಾರಾ ಟೆಸ್ಟ್ ಬಗ್ಗೆ. ಪ್ಯಾಚ್ ಟೆಸ್ಟ್ ಚರ್ಮಕ್ಕೆ, ಸ್ಟ್ರ್ಯಾಂಡ್ ಟೆಸ್ಟ್ ಕೂದಲಿಗೆ. ಇವೆರಡನ್ನು ಕಲಸಿ ಬರೆದರೆ ಎದುರು ಪಕ್ಷಕ್ಕೆ ನಗಲು ಅವಕಾಶ. ಪ್ಯಾರಾ-ಫಿನೈಲೀನ್‌ಡಯಮೀನ್ ಎಂಬ ರಾಸಾಯನಿಕ ಇರುವ ಹೇರ್ ಡೈ ಜೊತೆ ಕಾನೂನು ಕಡ್ಡಾಯ ಮಾಡಿರುವ ಸೂಚನೆಯನ್ನು ಓದಿ: ಕಿವಿಯ ಹಿಂದೆ ಅಥವಾ ಮುಂಗೈಯ ಒಳಭಾಗದಲ್ಲಿ ಸ್ವಲ್ಪ ಹಚ್ಚಿ, 24 ಗಂಟೆ ಬಿಟ್ಟು ನೋಡಬೇಕು, ಅದೂ ಪ್ರತಿಸಲ ಹಚ್ಚುವ ಮೊದಲು. ಹೋದ ಗಂಟೆಯಲ್ಲೇ ಕೂರಿಸಿ ಬಣ್ಣ ಬಳಿದವರು ಈ 24 ಗಂಟೆಯನ್ನು ಎಲ್ಲಿ ಕಳೆದರು ಎಂದು ಕೇಳಿ. ನೆತ್ತಿ ಊದಿ, ಗುಳ್ಳೆ ಎದ್ದ ಪ್ರಕರಣಗಳಲ್ಲಿ ಇಷ್ಟು ಗಟ್ಟಿಯಾದ ಪ್ರಶ್ನೆ ಬೇರಿಲ್ಲ. ಗ್ರಾಹಕ ಸಂರಕ್ಷಣಾ ಕಾಯ್ದೆಯ ಸೆಕ್ಷನ್ 2(11) ‘ಲೋಪ’ ಎಂಬುದರೊಳಗೆ ನಿರ್ಲಕ್ಷ್ಯವನ್ನೂ, ಬೇಕೆಂದೇ ಮಾಹಿತಿ ಮುಚ್ಚಿಡುವುದನ್ನೂ ಸೇರಿಸಿದೆ. ನಿಮ್ಮ ಇಡೀ ದೂರು ನಿಲ್ಲುವುದು ಅದರ ಮೇಲೆ. ಸುಮ್ಮನೆ ‘ಬಣ್ಣ ಇಷ್ಟವಾಗಲಿಲ್ಲ’ ಎಂಬುದು ಅದರೊಳಗೆ ಬರುವುದಿಲ್ಲ.

ಆದ್ದರಿಂದ ಅವಘಡವಾದ ದಿನ ಮಾಡಬೇಕಾದದ್ದು ಫೇಸ್‌ಬುಕ್ ಪೋಸ್ಟ್ ಅಲ್ಲ. ನೆತ್ತಿ ಉರಿಯುತ್ತಿದ್ದರೆ ಮೊದಲು ತಣ್ಣೀರಲ್ಲಿ ಧಾರಾಳವಾಗಿ ತೊಳೆಯಿರಿ, ಕೇಸು ಕಾಯುತ್ತದೆ. ಆಮೇಲೆ ಹಗಲು ಬೆಳಕಿನಲ್ಲಿ ಮುಂದೆ, ಹಿಂದೆ, ಎರಡೂ ಪಕ್ಕ, ನೆತ್ತಿ, ಎಲ್ಲದರ ಫೋಟೋ. ವಾರಕ್ಕೊಮ್ಮೆ ಅದೇ ಜಾಗದಲ್ಲಿ ನಿಂತು ಮತ್ತೆ. ಮುರಿದ ಕೂದಲನ್ನು ಪ್ಲಾಸ್ಟಿಕ್ಕಿಗಲ್ಲ, ಕಾಗದದ ಲಕೋಟೆಗೆ ಹಾಕಿ ದಿನಾಂಕ ಬರೆಯಿರಿ. ಹೋಗುವ ಮುಂಚಿನ ಕೂದಲಿನ ಫೋಟೋ ಯಾವುದಾದರೂ ಮದುವೆ ಆಲ್ಬಮ್ಮಿನಲ್ಲಿ ಇದ್ದೇ ಇರುತ್ತದೆ, ಹುಡುಕಿ. ಸಲೂನಿಗೆ ಅದೇ ದಿನ ಇಮೇಲ್ ಅಥವಾ ವಾಟ್ಸ್‌ಆ್ಯಪ್ ಕಳಿಸಿ. ಅದರಲ್ಲಿ ಬೈಗುಳ ಬೇಡ. ಯಾವ ಕಂಪನಿಯ ಯಾವ ಉತ್ಪನ್ನ, ಎಷ್ಟು ವಾಲ್ಯೂಮ್, ಎಷ್ಟು ನಿಮಿಷ, ಯಾರು ಹಚ್ಚಿದ್ದು ಎಂದು ಕೇಳಿ, ಸಿಸಿಟಿವಿ ದೃಶ್ಯ ಅಳಿಸದಂತೆ ಬರಹದಲ್ಲಿ ತಿಳಿಸಿ. ಉತ್ತರ ಬಂದರೆ ಸಾಕ್ಷ್ಯ. ಬರದಿದ್ದರೂ, ಕೇಳಿದ್ದಿರಿ ಎಂಬುದಕ್ಕೆ ಸಾಕ್ಷ್ಯ. ಎರಡು ಮೂರು ದಿನದೊಳಗೆ ಚರ್ಮರೋಗ ತಜ್ಞರ ಹತ್ತಿರ ಹೋಗಿ. ಅವರು ಡರ್ಮೋಸ್ಕೋಪ್ (ನೆತ್ತಿಯನ್ನು ದೊಡ್ಡದಾಗಿ ತೋರಿಸುವ ಮಸೂರ) ಇಟ್ಟು ನೋಡಿ ‘ಕೂದಲಿನ ಕಾಂಡ ಮುರಿದಿದೆ, ಬೇರು ಸರಿಯಿದೆ’ ಎಂದು ಚೀಟಿಯಲ್ಲಿ ಬರೆದರೆ ಸಲೂನಿನ ವಕೀಲರ ‘ಮೊದಲೇ ಉದುರುತ್ತಿತ್ತು’ ಎಂಬ ಎಳೆ ಕಡಿಯಿತು. ‘ಹೇರ್ ಫಾಲ್’ ಎಂದಷ್ಟೇ ಬರೆಸಿಕೊಂಡು ಬಂದರೆ ಎಳೆಯನ್ನು ನೀವೇ ಅವರ ಕೈಗೆ ಕೊಟ್ಟಿರಿ.

ಇದೆಲ್ಲ ಆಗುವ ತನಕ ಇನ್ನೊಂದು ಪಾರ್ಲರಿಗೆ ಹೋಗಿ ಸರಿಮಾಡಿಸಿಕೊಳ್ಳಬೇಡಿ. ಹೋದರೆ, ಹಾಳು ಮಾಡಿದ್ದು ಅವರೇ ಎಂದು ಇವರು ಹೇಳುತ್ತಾರೆ.

ಕಾಗದಪತ್ರದ ಭಾಗ ನಿಜಕ್ಕೂ ಸುಲಭ, ಜನ ಹೆದರುವುದು ಮಾತ್ರ ಇದಕ್ಕೇ. ಬಿಲ್ ಮೇಲಿನ ಜಿಎಸ್‌ಟಿ ಸಂಖ್ಯೆಯನ್ನು ಜಿಎಸ್‌ಟಿ ಪೋರ್ಟಲ್‌ನಲ್ಲಿ ಹಾಕಿದರೆ ಬೋರ್ಡಿನ ಹಿಂದಿರುವ ಮಾಲೀಕರ ಕಾನೂನು ಹೆಸರು ಸಿಗುತ್ತದೆ. ಫ್ರಾಂಚೈಸಿ ಆದರೆ ಅಂಗಡಿಯವರನ್ನೂ ಬ್ರ್ಯಾಂಡಿನ ಕಂಪನಿಯನ್ನೂ ಎದುರುದಾರರನ್ನಾಗಿ ಸೇರಿಸಿ. ಸಂಬಳಕ್ಕಿರುವ ಹುಡುಗಿಯ ಮೇಲೆ ಸಿಟ್ಟು ತೀರಿಸಿಕೊಳ್ಳಬೇಡಿ, ಹಣ ಪಡೆದದ್ದು ಅವಳಲ್ಲ. ಬಿಲ್ ಕೊಡಲಿಲ್ಲವೇ? ಯುಪಿಐ ದಾಖಲೆ ಇದೆ. ಬಿಲ್ ಕೊಡದಿರುವುದೇ ಅನುಚಿತ ವ್ಯಾಪಾರ ಪದ್ಧತಿ ಎಂದು ಕಾಯ್ದೆ ಹೇಳುತ್ತದೆ, ಅದನ್ನೂ ಬರೆಯಿರಿ. ಆದರೆ ತರಬೇತಿ ಪಡೆಯುವವರ ಮುಂದೆ ಪುಕ್ಕಟೆ ಮಾಡೆಲ್ ಆಗಿ ಕೂತಿದ್ದರೆ ನೀವು ‘ಗ್ರಾಹಕ’ರೇ ಅಲ್ಲ. ಉಚಿತ ಸೇವೆ ಈ ಕಾಯ್ದೆಯ ಹೊರಗೆ.

15 ದಿನದ ಗಡುವು ಕೊಟ್ಟು ಸ್ಪೀಡ್ ಪೋಸ್ಟಿನಲ್ಲಿ ನೋಟಿಸ್ ಕಳಿಸಿ. ಕಡ್ಡಾಯವಲ್ಲ, ಆದರೂ ಅರ್ಧಕ್ಕರ್ಧ ಮಂದಿ ಬಾಯಿ ತೆರೆಯುವುದೇ ಆಗ. ಜಗ್ಗದಿದ್ದರೆ ದೂರು. ನೀವು ವಾಸವಿರುವ ಜಿಲ್ಲೆಯಲ್ಲೇ ಹಾಕಬಹುದು, ವಕೀಲರು ಬೇಕೇ ಬೇಕು ಎಂದಿಲ್ಲ, ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ಗ್ರಾಹಕ ಆಯೋಗಗಳ ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ಸಲ್ಲಿಸಬಹುದು. ವಾಟ್ಸ್‌ಆ್ಯಪ್ ಮಾತುಕತೆಯ ಪ್ರತಿ ಲಗತ್ತಿಸುವಾಗ ಡಿಜಿಟಲ್ ದಾಖಲೆಗೆ ಬೇಕಾದ, ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರ ಪ್ರಮಾಣಪತ್ರವನ್ನೂ ಜೊತೆಗಿಡಿ. ಗಡುವು ಘಟನೆಯಿಂದ 2 ವರ್ಷ. ಆಯೋಗದ ನೋಟಿಸ್ ತಲುಪಿದ ಸಲೂನಿಗೆ ಉತ್ತರ ಕೊಡಲು 30 ದಿನ, ಆಯೋಗ ಒಪ್ಪಿದರೆ ಇನ್ನು 15, ಅದರಾಚೆಗೆ ಒಂದು ದಿನವೂ ಇಲ್ಲ. ಮೂರು ತಿಂಗಳಲ್ಲಿ ತೀರ್ಮಾನಿಸಲು ಯತ್ನಿಸಬೇಕು ಎಂದು ಕಾನೂನು ಹೇಳುತ್ತದೆ. ನಿಜಕ್ಕೂ ತೀರ್ಮಾನ ಬರುವುದಕ್ಕಿಂತ ಬೇಗ ಕೂದಲು ಬೆಳೆದೀತು. ವಿಚಾರಣೆಯ ದಿನ ನಿಮ್ಮ ತಲೆ ಚೆನ್ನಾಗಿಯೇ ಕಾಣುತ್ತಿರುತ್ತದೆ, ಲಕೋಟೆ ಮತ್ತು ಫೋಟೋ ಇರಲೇಬೇಕು ಅನ್ನುವುದು ಅದಕ್ಕೇ.

ಸರಿ, ಎಷ್ಟು? ಕೊಟ್ಟ ಬಿಲ್ಲಿನ ಪೂರ್ತಿ ಹಣ. ವೈದ್ಯರ ಶುಲ್ಕ, ಔಷಧ, ಮುಂದಿನ ರಿಪೇರಿಯ ಖರ್ಚು, ವಿಗ್ ಅಥವಾ ಎಕ್ಸ್‌ಟೆನ್ಷನ್ ತೆಗೆದುಕೊಂಡಿದ್ದರೆ ಅದರ ಬಿಲ್. ಕೆಲಸ ಕಳೆದುಕೊಂಡಿದ್ದರೆ ಕೆಲಸ ಕೊಡಬೇಕಿದ್ದವರ ಪತ್ರ ಮತ್ತು ಹಿಂದಿನ ಆದಾಯದ ದಾಖಲೆ; ‘ಸಿಗಬಹುದಿತ್ತು’ ಎಂಬುದಕ್ಕೆ ಬೆಲೆಯಿಲ್ಲ. ಇದಕ್ಕೆ ಮಾನಸಿಕ ಯಾತನೆ ಮತ್ತು ವ್ಯಾಜ್ಯದ ಖರ್ಚು ಸೇರಿಸಿ. ಯಾತನೆಗೆ ಸೂತ್ರವಿಲ್ಲವಾದರೂ ಒಂದು ಅಂಕಿಯನ್ನು ಆಯೋಗದ ಮುಂದಿಡಿ: ಭುಜದುದ್ದದ 30 ಸೆಂಟಿಮೀಟರ್ ಕೂದಲು ಬುಡದ ಹತ್ತಿರ ಮುರಿದಿದ್ದರೆ ಅದು ಮರಳಲು ಸುಮಾರು ಎರಡೂವರೆ ವರ್ಷ ಬೇಕು. ಒಟ್ಟು ಕೂಡಿಸಿ ಬಂದದ್ದು ಎಷ್ಟೋ ಅಷ್ಟು. ಈ ಲೆಕ್ಕವನ್ನು ನಾನು ಫೋನಿನಲ್ಲಿ ಹೇಗೆ ಹೇಳಲಿ? ರಸೀದಿಗಳಿರುವುದು ನಿಮ್ಮ ಹತ್ತಿರ.

ಇನ್ನು ನೋಟಿಸ್ ಸಿಕ್ಕ ಸಲೂನು ಸಾಮಾನ್ಯವಾಗಿ ಮೊದಲು ಕಳಿಸುವುದು ಚೆಕ್ ಅಲ್ಲ, ಆರು ಉಚಿತ ಹೇರ್ ಸ್ಪಾಗಳ ಕೂಪನ್. ಜೊತೆಗೊಂದು ಹಾಳೆ, ಅದರ ಕೊನೆಯ ಸಾಲಿನಲ್ಲಿ ಸಣ್ಣಕ್ಷರದಲ್ಲಿ ‘ಇನ್ನು ಯಾವುದೇ ಹಕ್ಕು ಬಾಕಿ ಇರುವುದಿಲ್ಲ’. ಮುರಿದ ಕೂದಲಿಗೆ ಸ್ಪಾ ಹಚ್ಚಿದರೆ ನಯವಾಗಿ ಕಾಣುತ್ತದೆ, ಕೂಡಿಕೊಳ್ಳುವುದಿಲ್ಲ. ಬಿಲ್ಲಿನ ಹಣ ಮಾತ್ರ ವಾಪಸ್ ಕೊಡುತ್ತಾರೆಂದರೆ ತೆಗೆದುಕೊಳ್ಳಿ. ರಸೀದಿಗೆ ಸಹಿ ಮಾಡುವಾಗ ಆ ಸಾಲನ್ನು ಹೊಡೆದುಹಾಕಿ, ‘ಸೇವೆಯ ಶುಲ್ಕ ಮಾತ್ರ ಮರಳಿ ಬಂದಿದೆ, ಪರಿಹಾರದ ಹಕ್ಕು ಉಳಿಸಿಕೊಂಡಿದ್ದೇನೆ’ ಎಂದು ಬರೆದು, ಪಕ್ಕದಲ್ಲಿ ದಿನಾಂಕ ಹಾಕಿ, ಹಾಳೆಯನ್ನು ಅವರಿಗೆ ವಾಪಸ್ ಕೊಡುವ ಮೊದಲು ಅದರದ್ದೊಂದು ಫೋಟೋ ತೆಗೆದುಕೊಳ್ಳಿ.